ಕಂಪ್ಲಿಗೆ ಒಂದು ಕಾರ್ಡು

ಹೊಸಪೇಟೆಯ ಅಂಚೆ ಕಚೇರಿಯ ಎದುರು, ಬೇವಿನ ಮರದ ಕೆಳಗೆ ಕುಳಿತು ಮರಿಸ್ವಾಮಿ ಇಪ್ಪತ್ತಾರು ವರ್ಷ ಓದು ಬಾರದವರ ಕಾಗದ ಬರೆದರು. ಅವರು ಓದಿದ್ದು ಸಂಡೂರಿನಲ್ಲಿ, ನಾಲ್ಕನೆಯ ತರಗತಿಯವರೆಗೆ. ೧೯೩೧ರ ಹೊತ್ತಿಗೆ ಅವರ ಹೆಬ್ಬೆರಳು ಮಧ್ಯಾಹ್ನಕ್ಕೇ ಜೋಮು ಹಿಡಿಯುತ್ತಿತ್ತು. ಬರೆಯುವುದಕ್ಕಿಂತ ಮಾತು ಆರಿಸುವುದು ಅವರನ್ನು ಹೆಚ್ಚು ದಣಿಸುತ್ತಿತ್ತು. ಚೋರನೂರಿನ ಒಬ್ಬನಿಗೆ ‘ತಾಯಿಗೆ ಸ್ವಲ್ಪ ಜಡ್ಡು’ ಎಂದು ಬರೆದಿದ್ದರು. ಸ್ವಲ್ಪ ತಾನೆ ಎಂದು ಅವನು ಒಕ್ಕಣೆ ಮುಗಿಸಿ ಬಂದ. ಅಷ್ಟರಲ್ಲಿ ತಾಯಿಯ ಮಣ್ಣಾಗಿ ಐದು ದಿನವಾಗಿತ್ತು.

ಆ ವರ್ಷ ಕಾರ್ತಿಕದಲ್ಲಿ ಕಬ್ಬಿನ ಗದ್ದೆಯ ಕೂಲಿ ತಾಯಕ್ಕ ಬಂದು ಕುಳಿತಳು. ಗಂಡ ಜಂಬಪ್ಪ ಗಂಜಿಯನ್ನೂ ನುಂಗುತ್ತಿರಲಿಲ್ಲ. ಮಗಳು ಎರ್ರೆಮ್ಮ ಕಂಪ್ಲಿಯಲ್ಲಿ, ಮೂರನೆಯ ಬಸಿರು, ಎಂಟನೆಯ ತಿಂಗಳು. ಅವಳು ಬಂದು ಅಪ್ಪನ ಮುಖ ನೋಡಬೇಕಿತ್ತು.

“ಹಾಸಿಗಿ ಹಿಡದಾನ ಅಂತ ಬರೀಲೇನವ್ವ?”

“ಬ್ಯಾಡ್ರಿ ಸ್ವಾಮ್ಯಾರ. ಹಾಸಿಗಿ ಹಿಡದಾರು ವರ್ಷಗಟ್ಲೆ ಇರ್ತಾರ, ಹೆರಿಗಿ ಆದಮ್ಯಾಲೆ ಹೋಗು ಅಂತಾಳ ಆಕಿ ಅತ್ತಿ.”

“ಕಡೀಗಾಲ ಅಂದ್ರ?”

“ಅದಂತೂ ಬ್ಯಾಡ. ಹೋಗೇಬಿಟ್ಟಾನ, ಹೇಳವಲ್ರು ಅಂತಾರ. ಬಸರೀನ ಸತ್ತ ಮನಿಗೆ ಯಾರ್ ಕಳಸ್ತಾರ್ರಿ?”

ಮರಿಸ್ವಾಮಿ ಲೇಖನಿ ಎತ್ತಿಕೊಂಡೇ ಕುಳಿತರು. ಹಿಂದೆ ಕಾದಿದ್ದ ಅಕ್ಕಿ ಅಂಗಡಿಯ ಕೊಟ್ರಯ್ಯ ಗೊಣಗಿದ. “ಒಂದ್ ಕಾರ್ಡಿಗೆ ಇಷ್ಟೊತ್ತು. ಅಷ್ಟ್ರಾಗ ನಾನ ಕಂಪ್ಲಿಗೆ ನಡ್ಕೊಂತ ಹೋಗಿ ಹೇಳಿ ಬರ್ತಿದ್ದೆ.”

“ಹೋಗಪ್ಪ ಮತ್ತ. ಏನಂತ ಹೇಳ್ತಿ, ಅದನ್ನಾರ ಹೇಳಿ ಹೋಗು.”

ಕೊಟ್ರಯ್ಯ ಬೇವಿನ ಬೇರಿನ ಮೇಲೆ ಕುಳಿತ.

ಮರಿಸ್ವಾಮಿ ತಾಯಕ್ಕನ ಕಡೆ ತಿರುಗಿದರು. “ಜಂಬಪ್ಪ ಏನಾರ ಮಾತಾಡ್ತಾನೇನು?”

“ಮಾತು ಅಂದ್ರ ಅದೊಂದ ರೀ. ಎರ್ರೀ ಎರ್ರೀ ಅಂತಾನ. ಮುಂಜಾನಿಂದ ಅದ.”

ಮರಿಸ್ವಾಮಿ ಲೇಖನಿಯನ್ನು ಮಸಿಯಲ್ಲಿ ಅದ್ದಿದರು. ‘ಜಂಬಪ್ಪನು ಎರ್ರೆಮ್ಮನನ್ನು ಹೆಸರು ಹಿಡಿದು ಕರೆಯುತ್ತಿದ್ದಾನೆ. ಕಾರ್ಡು ಮುಟ್ಟಿದ ದಿನವೇ ಬಂಡಿ ಹೂಡಿ ಕಳಿಸಿರಿ.’ ಕರೆಯುವವನು ಬದುಕಿದ್ದಾನೆ. ಆದರೆ ಬಹಳ ದಿನ ಕರೆಯಲಾರ. ಕೇಳಿದವರಿಗೆ ಇಷ್ಟು ತಿಳಿದರೆ ಸಾಕಿತ್ತು. ಎರಡು ಸಲ ಓದಿ ಹೇಳಿದರು. ತಾಯಕ್ಕ ತಲೆಯಾಡಿಸಿ, ಕಾರ್ಡನ್ನು ತಾನೇ ಡಬ್ಬಿಗೆ ಹಾಕಿದಳು.

ಒಂಬತ್ತನೆಯ ದಿನ ತಾಯಕ್ಕ ಬರಿ ಹಣೆಯಲ್ಲಿ ಬಂದಳು. ಮರಿಸ್ವಾಮಿ ಕೇಳುವ ಮೊದಲೇ ಹೇಳಿದಳು.

“ಬಂದಿದ್ಲು ರೀ. ಆಕಿ ಅತ್ತಿನೇ ಕರ್ಕೊಂಡು ಬಂದ್ಲು. ಮಗಳ ಗುರುತು ಹಿಡದ, ಕೈ ಹಿಡ್ಕೊಂಡ. ಮರುದಿನ ಬಂಡ್ಯಾಗ ಕಳಿಸಿಕೊಟ್ಟೆ. ಆಮ್ಯಾಲೆ ಎರಡ್ ದಿನಕ್ಕ ಹೋದ.”

ಮರಿಸ್ವಾಮಿ ಹೊಸ ಕಾರ್ಡು ತೆಗೆದರು. “ಕಂಪ್ಲಿಗೆ ತಿಳಸಬೇಕಲ್ಲವ್ವ. ಹೆಂಗ ಬರೀಲಿ?”

“ಈಗ ಬರೀಬ್ಯಾಡ್ರಿ. ಹೆಂಗ ಬರದ್ರೂ ಓದೋರು ಆಕಿ ಮುಂದ ಓದ್ತಾರ. ಹಡೀಲಿ ಮೊದ್ಲು. ಸುಮ್ನ ನಿಮಗ ಹೇಳಿ ಹೋಗಾಣ ಅಂತ ಬಂದೆ.”

ಮರಿಸ್ವಾಮಿ ಕಾರ್ಡನ್ನು ಪೆಟ್ಟಿಗೆಯಲ್ಲಿಟ್ಟು ಚಾಪೆಯ ಮೇಲೆ ಸರಿದು ಜಾಗ ಕೊಟ್ಟರು. ತಾಯಕ್ಕ ಕುಳಿತು ಕಾಲು ನೀಡಿಕೊಂಡಳು.