ಮಡಿ ಎಂದು ನಾನು ನಿಲ್ಲಿಸಿದ ಇಂಜೆಕ್ಷನ್

ಭಕ್ತ ಬಂಧುಗಳೇ, ನನ್ನ ತಮ್ಮ ನಿಂಗಪ್ಪನಿಗೆ ಸಕ್ಕರೆ ಕಾಯಿಲೆ. ಆದವಾನಿಯ ಹತ್ತಿ ಮಿಲ್ಲಿನಲ್ಲಿ ಅವನಿಗೆ ಕೆಲಸ. ಹೆಂಡತಿ ತೀರಿಕೊಂಡ ಮೇಲೆ ಅವನನ್ನು ನೋಡಿಕೊಳ್ಳುವುದು ಅಕ್ಕನಾದ ನನ್ನ ಪಾಲಿಗೆ ಬಂತು. ಬೆಳಗಾದರೆ ಸೂಜಿ ಕುದಿಸಿ ಇನ್ಸುಲಿನ್ ಚುಚ್ಚುವವಳು ನಾನೇ. ಇಂಜೆಕ್ಷನ್ ತಪ್ಪಬಾರದು, ಬೀಡಿ ಬಿಡಬೇಕು, ತುಪ್ಪ ಬೆಲ್ಲ ಮುಟ್ಟಬಾರದು, ಇಲ್ಲದಿದ್ದರೆ ಈ ಕಾಯಿಲೆ ಹೃದಯಕ್ಕೆ ಕೈ ಹಾಕುತ್ತದೆ ಎಂದು ಡಾಕ್ಟರು ಹೇಳಿದ್ದರು. ಇವನೋ, ಬೀಡಿ ಕಿತ್ತುಕೊಂಡರೆ ಮಗುವಿನಂತೆ ಮುನಿಯುವವನು. ಅವನೊಡನೆ ಬಡಿದಾಡಿ ನನಗೆ ಸಾಕಾಗಿಹೋಗಿತ್ತು. ಆದರೆ ದೊಡ್ಡ ತಪ್ಪು ಮಾಡಿದವಳು ನಾನು.

ಆದವಾನಿ ಬಳ್ಳಾರಿ ಜಿಲ್ಲೆ ಬಿಟ್ಟು ಕರ್ನೂಲಿಗೆ ಸೇರಿದ ಮರುವರ್ಷದ, ಅಂದರೆ ೧೯೫೪ರ ಶ್ರಾವಣ. ಉರುಕುಂದದ ನರಸಿಂಹ ಈರಣ್ಣ ನಮ್ಮ ಮನೆದೇವರು. ಕುರಿ ಸಾಕುವ ಮನೆತನವಾದರೂ ಆ ತಿಂಗಳು ನಮ್ಮ ಹೊಸ್ತಿಲೊಳಗೆ ಮಾಂಸ ಬರುವುದಿಲ್ಲ. ನೀರಿಗೆ ಹೋದಾಗ ನೆರೆಯಾಕೆ, "ನಿನ್ನ ತಮ್ಮಗ ಚುಚ್ಚೋ ಔಷಧ ದನದ ಹೊಟ್ಟಿಯೊಳಗಿಂದ ತೆಗೀತಾರಂತವ್ವ. ಅದನ್ನ ಮನ್ಯಾಗ ಇಟ್ಕೊಂಡು ಎಂಥ ಮಡಿ ಮಾಡ್ತೀ?" ಎಂದಳು.

ನಾನು ತಮ್ಮನನ್ನು ಕೇಳಲಿಲ್ಲ, ಡಾಕ್ಟರನ್ನೂ ಕೇಳಲಿಲ್ಲ. ಉರುಕುಂದಕ್ಕೆ ಹೋಗಿ ಬರುವ ತನಕ ಎಂದುಕೊಂಡು ಸೀಸೆಯನ್ನು ಹಿತ್ತಿಲಿಗೆ ಹಾಕಿ, ಕುದಿಸಿ ಆರಿಸಿದ ಬರೀ ನೀರನ್ನು ಅವನಿಗೆ ಚುಚ್ಚತೊಡಗಿದೆ. ಈರಣ್ಣ ಕಾಯುತ್ತಾನೆ ಎಂದು ನಂಬಿದ್ದೆ.

ನಾಲ್ಕನೆಯ ದಿನ, ಸೋಮವಾರ ಬೆಳಿಗ್ಗೆ ಉರುಕುಂದದ ಬಸ್ ಹಿಡಿಯಲು ಹೊರಟೆವು. ದಾರಿಯಲ್ಲೇ ನಿಂಗಪ್ಪ ಬೆವರಿನಲ್ಲಿ ತೊಯ್ದು ಏದುಸಿರು ಬಿಡುತ್ತಿದ್ದ.

"ಎದಿ ನೋವೈತೇನೋ?"

"ಇಲ್ಲಕ್ಕ, ಯಾಕೋ ದಮ್ಮು ಹತ್ತೈತಿ."

"ಇನ್ನಷ್ಟು ಬೀಡಿ ಎಳಿ!" ಎಂದು ಬೈದೆ.

ಬಸ್ಸು ಕಿಕ್ಕಿರಿದಿತ್ತು. ಕಂಡಕ್ಟರು ನಮ್ಮನ್ನು ಮೆಟ್ಟಿಲಿನಿಂದಲೇ ಇಳಿಸಿದ. "ಲೇದಮ್ಮಾ, ಜಾಗ ಇಲ್ಲ. ನನ್ನ ತಲಿ ಮ್ಯಾಲ ಕುಂದ್ರಿಸ್ಕೊಳ್ಳಲೇನು?"

"ಈರಣ್ಣನ ಮಂದಿನ್ನ ಬಿಟ್ಟು ಹೋಗ್ತೀ? ನಿನ್ನ ಗಾಲಿ ಮುರೀಲಿ!" ಎಂದು ಕೂಗಿದೆ. ದೇವರ ಮೇಲೂ ಸಿಟ್ಟು ಬಂತು. ಇಷ್ಟು ಮಡಿ ಮಾಡಿದವಳಿಗೆ ನಿಲ್ಲುವಷ್ಟು ಜಾಗವನ್ನೂ ಕೊಡಲಿಲ್ಲವಲ್ಲ! ತಿರುಗಿ ನೋಡಿದರೆ ತಮ್ಮ ನೆಲಕ್ಕೆ ಕುಸಿದಿದ್ದ.

ಜಟಕಾದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಒಯ್ದೆ. ಡಾಕ್ಟರು ಪರೀಕ್ಷಿಸಿ, "ಹೃದಯಕ್ಕ ಪೆಟ್ಟು ಬಿದ್ದೈತಮ್ಮ. ಸಕ್ಕರಿ ಕಾಯಿಲಿ ಇದ್ದೋರಿಗೆ ಎಷ್ಟೋ ಸಲ ನೋವು ತಿಳಿಯಂಗಿಲ್ಲ. ಬೆವರು, ಉಬ್ಬಸ, ಇಷ್ಟೇ ಗುರುತು. ಬಸ್ಸು ಹತ್ತಿದ್ರ ದಾರ್‍ಯಾಗ ಹೋಗಿಬಿಡ್ತಿದ್ದ" ಎಂದರು. ಇಂಜೆಕ್ಷನ್ ಸರಿಯಾಗಿ ಕೊಡುತ್ತಿದ್ದೆಯಾ ಎಂದೂ ಕೇಳಿದರು. ಅಳುತ್ತ ನಿಜ ಹೇಳಿದೆ. ಅವರು ಬೈಯಲಿಲ್ಲ. ತಾವೇ ಸೂಜಿ ತುಂಬಿ ಅವನಿಗೆ ಇನ್ಸುಲಿನ್ ಚುಚ್ಚಿದರು. ಬೈದಿದ್ದರೇ ಚೆನ್ನಾಗಿತ್ತು.

ನಾನು ಶಾಪ ಹಾಕಿದ ಬಸ್ಸೇ ನನ್ನ ತಮ್ಮನನ್ನು ಉಳಿಸಿತ್ತು.

ಅವನಿಗೆ ಮಾತಾಡುವ ಶಕ್ತಿ ಬಂದ ದಿನ ಕಾಲು ಹಿಡಿದು ಎಲ್ಲವನ್ನೂ ಹೇಳಿದೆ. ಅವನು ನನ್ನ ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡ. ಆಮೇಲೆ, "ಹಿರಣ್ಯಕಶಿಪುನ ಹೊಟ್ಟಿ ಬಗದು ಕರುಳು ಕೊಳ್ಳಾಗ ಹಾಕ್ಕೊಂಡ ದೇವರಕ್ಕ ಆತ. ಆತಗ ನನ್ನ ಸೂಜಿ ಮೈಲಿಗಿ ಆಗತೈತೇನು? ಹುಚ್ಚಿ!" ಎಂದ.

ಮರುವರ್ಷ ಶ್ರಾವಣದಲ್ಲಿ ಉರುಕುಂದಕ್ಕೆ ಹೋದೆವು. ಬೆಳಿಗ್ಗೆ ಇಂಜೆಕ್ಷನ್ ಚುಚ್ಚಿ, ರೊಟ್ಟಿ ಪಲ್ಯ ಉಣಿಸಿಯೇ ಅವನನ್ನು ದರ್ಶನಕ್ಕೆ ನಿಲ್ಲಿಸಿದೆ. ಜೊತೆಗೆ ಬಂದಿದ್ದ ನಮ್ಮ ಚಿಕ್ಕಮ್ಮ ಮೂಗು ಮುರಿದಳು: "ಉಂಡು ಬಂದಾನಲ್ಲೇ, ಸ್ವಾಮಿ ಮುಂದ?"

"ಅವನ ಉಪವಾಸಾನೂ ನಾನೇ ಮಾಡೀನಿ, ಚಿಗವ್ವ. ಬೈಯೋದಿದ್ರ ಈರಣ್ಣ ನನ್ನ ಬೈಲಿ."

ಗರ್ಭಗುಡಿಯ ಎದುರು ನಾನು ಏನನ್ನೂ ಬೇಡಲಿಲ್ಲ. ಭಕ್ತ ಬಂಧುಗಳೇ, ನನ್ನ ತಮ್ಮನನ್ನು ನನ್ನ ಕೈಯ ತಪ್ಪಿನಿಂದಲೇ ಕಾಪಾಡಿದ ಸ್ವಾಮಿಗೆ ಶರಣೆಂದು ಕೈ ಮುಗಿದೆ.