ಮೀನಿಗೆ ಹಾಕಿದ ಮಂಡಕ್ಕಿ

ಬೆಳಿಗ್ಗೆ ಎದ್ದೊಡನೆ ಏನನ್ನಾದರೂ ಅಳೆದು ಬರೆಯದಿದ್ದರೆ ನನಗೆ ಹಲ್ಲುಜ್ಜಲೂ ಮನಸ್ಸಾಗದ ಕಾಲ ಅದು. ತೊಂಬತ್ತರ ದಶಕ ಮುಗಿಯುತ್ತಿತ್ತು. ನಾನು ಎಂಟನೇ ಕ್ಲಾಸು. ಭದ್ರಾವತಿ ಓಲ್ಡ್ ಟೌನಿನ ನಮ್ಮ ಮನೆಯ ಹಿತ್ತಲಲ್ಲಿ ಕಲ್ಲಿನ ತೊಟ್ಟಿಯೊಂದಿತ್ತು. ಬಿಸಿಲುಂಡು ಬಿಸಿಲುಂಡು ಅದರ ನೀರು ಹಸಿರಾಗಿತ್ತು. ಬಗ್ಗಿದರೆ ಹಸಿ ಮಣ್ಣಿನ, ಕೊಳೆತ ಎಲೆಯ ವಾಸನೆ. ಶಿವಮೊಗ್ಗದ ವಿಜ್ಞಾನ ಪ್ರದರ್ಶನಕ್ಕೆ ನನ್ನ ಬಂಡವಾಳ ಅದೇ ನೀರು.

ಸಮುದ್ರಗಳಲ್ಲೂ ಬಡವ ಬಲ್ಲಿದ ಎಂಬುದಿದೆ ಎಂದು ಮೇಷ್ಟ್ರು ಹೇಳಿದ್ದರು. ತಿಳಿನೀಲಿಯಾಗಿ ಚೆಂದ ಕಾಣುವ ಕಡಲಲ್ಲಿ ಮೀನಿಗೆ ತಿನ್ನಲು ಹೆಚ್ಚೇನೂ ಇರುವುದಿಲ್ಲವಂತೆ. ಎಲ್ಲಿಂದಲೋ ಹರಿದು ಬರುವ ಪ್ರವಾಹ ಪ್ಲವಕಗಳನ್ನು, ಅಂದರೆ ನೀರಲ್ಲಿ ತೇಲುವ ಅತಿ ಸಣ್ಣ ಜೀವಗಳನ್ನು, ಹೊತ್ತು ತಂದರೆ ಅಲ್ಲಿ ಹಬ್ಬ. ಇದನ್ನು ತೋರಿಸಲು ಬೇಕರಿಯ ಎರಡು ಗಾಜಿನ ಜಾಡಿ ತಂದೆ. ಸ್ಟೂಲಿನ ಮೇಲೆ ಹಸಿರು ನೀರು, ಕೆಳಗೆ ತಿಳಿನೀರು, ನಡುವೆ ಗ್ಲೂಕೋಸ್ ಪೈಪು. ತಿಳಿನೀರಿನಲ್ಲಿ ಗಪ್ಪಿ ಮೀನುಗಳು. ಸೊಳ್ಳೆಮರಿ ತಿನ್ನಲೆಂದು ಆಗ ತೊಟ್ಟಿಗಳಿಗೆ ಬಿಡುತ್ತಿದ್ದ ಜಾತಿ. ಪೈಪು ಬಿಟ್ಟೊಡನೆ ಅವು ಅದರ ಬಾಯಿಗೆ ಮುತ್ತಬೇಕು. ಹಸಿದಿದ್ದರಷ್ಟೇ ಮುತ್ತುತ್ತವೆ ಎಂಬುದನ್ನು ದಿನವೂ ನೋಡಿ ಡೈರಿಯಲ್ಲಿ ಬರೆದಿದ್ದೆ.

“ಇವತ್ತು ಏನು ಹಾಕ್ದೆ ಮೀನಿಗೆ?” ನಮ್ಮ ಜೊತೆಗೇ ಇದ್ದ ಅಮ್ಮನ ತಾಯಿ ದಿನವೂ ಕೇಳುವ ಹಾಗೆ ಕೇಳಿದಳು.

“ಏನಿಲ್ಲ ಅಜ್ಜಿ. ನಾಳೆ ಪ್ರದರ್ಶನ. ಉಪವಾಸ.”

“ನಿನ್ನೆನೂ ಉಪವಾಸ ಅಂದೆ. ಅವಕ್ಕೇನೇ ಮಾರಾಯ್ತಿ, ದಿನಾ ಏಕಾದಶಿನಾ?”

ಅಪ್ಪನಿಗೆ ಕಾರ್ಖಾನೆಯಲ್ಲಿ ಬೆಳಗಿನ ಪಾಳಿ ಇದ್ದುದರಿಂದ ನನ್ನ ಜೊತೆಗೆ ಅಜ್ಜಿಯೇ ಹೊರಟಳು. ಬಸ್ಸಿನಲ್ಲಿ ಮೀನಿನ ಡಬ್ಬಿ ಅವಳ ಮಡಿಲಲ್ಲಿತ್ತು. ಅದರ ಪಕ್ಕ, ಮಧ್ಯಾಹ್ನಕ್ಕೆಂದು ತನಗೆ ಕಟ್ಟಿಕೊಂಡ ಮಂಡಕ್ಕಿ ಪೊಟ್ಟಣ.

ತೀರ್ಪುಗಾರರು ಬಂದರು. ಬಾಯಿಪಾಠ ಮಾಡಿದ್ದನ್ನೆಲ್ಲ ಒಪ್ಪಿಸಿ ಪೈಪು ಬಿಟ್ಟೆ. ಹಸಿರು ನೀರು ಎಳೆ ಎಳೆಯಾಗಿ ಇಳಿಯಿತು. ಮೀನುಗಳು ಹೊಟ್ಟೆ ಉಬ್ಬಿಸಿಕೊಂಡು ತಳದಲ್ಲಿ ಸುಮ್ಮನಿದ್ದವು.

“ಏನಮ್ಮಾ, ನಿನ್ನ ಮೀನಿಗೆ ನಿದ್ದೆನಾ?” ಎಂದರು ತೀರ್ಪುಗಾರರು.

ಆಗ ನೀರಿನ ಮೇಲೆ ಊದಿಕೊಂಡ ಮಂಡಕ್ಕಿ ಚೂರುಗಳು ಕಂಡವು.

“ನಾನೇ ಹಾಕ್ದೆ ಸ್ವಾಮಿ,” ಅಜ್ಜಿ ಹಿಂದಿನಿಂದ ಹೇಳಿದಳು. “ಇವಳು ಚಾರ್ಟ್ ಅಂಟಿಸ್ತಿದ್ಲು. ಅವು ಬಾಯಿ ಬಾಯಿ ಬಿಡ್ತಿದ್ವು. ನೋಡಕ್ಕಾಗ್ಲಿಲ್ಲ, ಪುಡಿ ಮಾಡಿ ಹಾಕ್ದೆ.”

“ಮೀನಿಗೂ ಚುರುಮುರಿ ಕಣ್ರೋ!” ಎಂದು ಪಕ್ಕದ ಮೇಜಿನ ಹುಡುಗ ಕೂಗಿದ. ಕೋಣೆಯೆಲ್ಲ ನಗು. ತೀರ್ಪುಗಾರರೂ ನಗುತ್ತಲೇ ಮುಂದಿನ ಮೇಜಿಗೆ ಹೋದರು.

ಅಜ್ಜಿಯ ಕೈಯಲ್ಲಿದ್ದ ಪೊಟ್ಟಣವನ್ನು ಕಿತ್ತು ಕಸದ ಬುಟ್ಟಿಗೆ ಎಸೆದೆ. “ನಿನ್ನ ಕರ್ಕೊಂಡ್ ಬಂದಿದ್ದೇ ತಪ್ಪು. ಹೊರಗಡೆ ಹೋಗಿ ಕೂತ್ಕೋ,” ಎಂದೆ, ಎಲ್ಲರಿಗೂ ಕೇಳಿಸುವ ಹಾಗೆ. ಅವಳು ಬುಟ್ಟಿಯತ್ತ ಒಮ್ಮೆ ನೋಡಿ ಹೊರಗೆ ಹೋದಳು.

ಮಧ್ಯಾಹ್ನ ಸ್ಪರ್ಧಿಗಳಿಗೆ ಬಿಸಿಬೇಳೆಬಾತ್ ಕೊಟ್ಟರು. ತುಪ್ಪದ ಘಮಕ್ಕೆ ಸಿಟ್ಟೂ ಮರೆತು ಎರಡನೇ ಸಲ ಹಾಕಿಸಿಕೊಂಡೆ. ಸಂಜೆ ಹೊರಬಂದಾಗ ಅಜ್ಜಿ ಮೆಟ್ಟಿಲ ಮೇಲೆಯೇ ಇದ್ದಳು. ಎದ್ದು ಡಬ್ಬಿಗೆ ಕೈ ಚಾಚಿದಳು.

“ಊಟ ಕೊಟ್ರಾ ಪುಟ್ಟಿ?”

ಡಬ್ಬಿ ಅವಳ ಕೈಗಿತ್ತು ಮುಂದೆ ಮುಂದೆ ನಡೆದೆ. ಬಸ್ಸು ಊರು ದಾಟಿದ ಮೇಲೆ ಮತ್ತೆ ಅವಳೇ ಮಾತಾಡಿದಳು. “ಆ ಹಸಿರು ನೀರು ಬಡ ಸಮುದ್ರಕ್ಕೆ ಹೋದ್ರೆ ಅಲ್ಲಿನ ಮೀನಿಗೆ ಹೊಟ್ಟೆ ತುಂಬುತ್ತೆ ಅಂದ್ಯಲ್ವಾ?”

“ಹೂಂ.”

“ಇವಕ್ಕೂ ತುಂಬ್ತಲ್ಲೇ. ಮತ್ತೆ ಅವರ್ಯಾಕೆ ನಕ್ರು?”

ಅವಳ ಮಡಿಲಲ್ಲಿ ಡಬ್ಬಿಯ ಪಕ್ಕ ಪೊಟ್ಟಣವಿಲ್ಲದ್ದು ಆಗಲೇ ನನಗೆ ಕಂಡದ್ದು. ಕಂಡರೂ ಕಿಟಕಿಯತ್ತ ತಿರುಗಿದೆ.

ಈಗ ಆ ತೊಟ್ಟಿಯ ಜಾಗದಲ್ಲಿ ಸಂಪ್ ಇದೆ. ಮುಚ್ಚಿದ ನೀರು ಹಸಿರಾಗುವುದಿಲ್ಲ. ಮೀನಿಗೆ ಏನು ಹಾಕಿದೆ ಎಂದು ಕೇಳುವವಳೂ ಇಲ್ಲ. ಆ ದಿನದ ಡೈರಿಯಲ್ಲಿ ಮೀನಿನ ಊಟ ಬರೆದಿದ್ದೇನೆ, ನನ್ನ ಊಟವನ್ನೂ ಬರೆದಿದ್ದೇನೆ. ಅಜ್ಜಿ ಮನೆ ಸೇರಿದ ಮೇಲಾದರೂ ಉಂಡಳೋ ಇಲ್ಲವೋ, ಅದನ್ನು ಮಾತ್ರ ನಾನು ನೋಡಲೇ ಇಲ್ಲ.