ನೋವಿಲ್ಲದ ಹುಣ್ಣು

ಹಲಗೆಯ ಮೇಲೆ ಪದ್ಯ ಬರೆದು ತಿರುಗಿದೆ. ಮುಂದಿನ ಸಾಲಿನ ಹುಡುಗಿಯರು ನನ್ನ ಮುಖ ಬಿಟ್ಟು ನೆಲ ನೋಡುತ್ತಿದ್ದರು.

"ಮೇಷ್ಟ್ರಮ್ಮಾ, ರಕ್ತ!"

ಬಾಗಿಲಿನಿಂದ ಹಲಗೆಯವರೆಗೆ ಕೆಂಪು ಹೆಜ್ಜೆಗಳು. ಬಲಗಾಲಿನವು ಮಾತ್ರ. ಅಂಗಾಲಿನಲ್ಲಿ ಜಾಲಿಮುಳ್ಳು ಆಳವಾಗಿ ಹೊಕ್ಕಿತ್ತು. ಯಾವಾಗ ಚುಚ್ಚಿತೋ ಗೊತ್ತಿಲ್ಲ.

ನೋವೇ ಆಗಿರಲಿಲ್ಲ.

ಎರಡನೇ ಮಹಾಯುದ್ಧ ನಡೆಯುತ್ತಿದ್ದ ಕಾಲ. ಮುಳಬಾಗಿಲಿನ ಹೆಣ್ಣುಮಕ್ಕಳ ಶಾಲೆಯಲ್ಲಿ ನಾನು ಹನ್ನೆರಡು ವರ್ಷದಿಂದ ಪಾಠ ಹೇಳುತ್ತಿದ್ದೆ. ಬಾಲ್ಯದಲ್ಲೇ ಗಂಡನನ್ನು ಕಳೆದುಕೊಂಡವಳು; ಬಾಡಿಗೆಯ ಒಂದು ಕೋಣೆಯಲ್ಲಿ ಒಬ್ಬಳೇ ಇದ್ದೆ. ಮುಳ್ಳು ಕಿತ್ತು, ಅರಿಸಿನ ಮೆತ್ತಿ, ಬಟ್ಟೆ ಕಟ್ಟಿದೆ. ನೋಯದ ಗಾಯವನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ಮೂರು ವಾರದ ಮೇಲೆ ಕೋಣೆಯಲ್ಲಿ ಏನೋ ಸತ್ತ ವಾಸನೆ. ಇಲಿ ಇರಬೇಕೆಂದು ಪೆಟ್ಟಿಗೆ ಸರಿಸಿ, ಸೌದೆ ಸರಿಸಿ ಹುಡುಕಿದೆ.

ವಾಸನೆ ನನ್ನ ಕಾಲಿನದು.

ಪೆಟ್ರೋಲ್ ಸಿಗದೆ ಇದ್ದಿಲು ಗ್ಯಾಸಿನಲ್ಲಿ ಓಡುತ್ತಿದ್ದ ಬಸ್ಸು ಹತ್ತಿ ಕೋಲಾರದ ಆಸ್ಪತ್ರೆಗೆ ಹೋದೆ. ಡಾಕ್ಟರು ನನ್ನ ಮೂತ್ರವನ್ನು ಒಂದು ನೀಲಿ ದ್ರಾವಣಕ್ಕೆ ಬೆರೆಸಿ ಕಾಯಿಸಿದರು. ಅದು ಇಟ್ಟಿಗೆ ಬಣ್ಣಕ್ಕೆ ತಿರುಗಿತು.

"ಡಯಾಬಿಟಿಸ್ ಕಣಮ್ಮ, ಸಿಹಿಮೂತ್ರ. ಬಹಳ ದಿನದಿಂದ ಇದೆ. ಅದಕ್ಕೇ ಕಾಲಿಗೆ ಏನೂ ತಿಳೀತಾ ಇಲ್ಲ. ಜೊತೆಗೆ ಯಾರು ಬಂದಿದ್ದಾರೆ?"

"ಯಾರೂ ಇಲ್ಲ."

ಅವರು ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು.

ಆಸ್ಪತ್ರೆಯಲ್ಲೇ ಉಳಿಸಿಕೊಂಡರು. ದಿನಾ ಡ್ರೆಸ್ಸಿಂಗ್. ಇನ್ಸುಲಿನ್ ಹಡಗಿನಲ್ಲಿ ಬರಬೇಕು. ಒಂದು ವಾರ ಸಿಕ್ಕರೆ ಮುಂದಿನ ವಾರ ಇಲ್ಲ. ವಾರ್ಡಿನ ಉಳಿದವರಿಗೆ ಸಂಜೆ ಮನೆಯಿಂದ ಬುತ್ತಿ ಬರುತ್ತಿತ್ತು. ಆ ಹೊತ್ತಿಗೆ ನಾನು ಗೋಡೆಯ ಕಡೆ ತಿರುಗಿ, ನಿದ್ದೆ ಬಂದವಳಂತೆ ಮಲಗುತ್ತಿದ್ದೆ. ಕಾಲಿನ ಬೆರಳುಗಳು ಒಂದೊಂದಾಗಿ ಕಪ್ಪಾದವು.

ಕಾಲು ತೆಗೆಯಲು ಮನೆಯವರ ಸಹಿ ಬೇಕೆಂದರು. ಶ್ರೀನಿವಾಸಪುರದ ತಮ್ಮನಿಗೆ ಕಾಗದ ಬರೆದೆ. ಬಂದ. ಬಾಗಿಲ ಬಳಿಯೇ ನಿಂತ.

"ಆಮೇಲೆ ಹೆಂಗಕ್ಕಾ? ನಮ್ಮನೇಲಿ ನೋಡ್ಕೊಳ್ಳೋಕೆ ಯಾರಿದ್ದಾರೆ? ಅವಳಿಗೇ ಮಕ್ಕಳ ಕಾಟ..."

"ನಿನ್ನ ಮನೆಗೆ ಬರ್ತೀನಿ ಅಂದ್ನೇನೋ? ಸಹಿ ಹಾಕಿ ಹೋಗು."

ಹಾಕಿದ. ಹೋದ.

ಕ್ಲೋರೋಫಾರ್ಮಿನ ಅಮಲು ಇಳಿದು ಕಣ್ಣು ಬಿಟ್ಟಾಗ, ಬಲಮೊಣಕಾಲಿನ ಕೆಳಗೆ ಹೊದಿಕೆ ಚಪ್ಪಟೆಯಾಗಿತ್ತು. ಕಾಲನ್ನು ಏನು ಮಾಡಿದಿರಿ ಎಂದು ಆಯಾಳನ್ನು ಕೇಳಿದೆ.

"ಹಿಂದುಗಡೆ ಹೊಂಗೆ ಮರದ ಬುಡದಲ್ಲಿ ಹೂತಿದ್ದೀವಿ ಕಣಮ್ಮ. ಆಳವಾಗೇ ತೋಡಿದ್ದೀವಿ, ನಾಯಿ ಮುಟ್ಟಲ್ಲ."

ಅಷ್ಟು ದಿನಗಳಲ್ಲಿ ಅವತ್ತು ಮೊದಲ ಸಲ ಅತ್ತೆ. ಮುಳ್ಳು ಹೊಕ್ಕರೂ ಸುಮ್ಮನಿದ್ದ ಕಾಲು, ಇಲ್ಲವಾದ ಮೇಲೆ ನೋಯತೊಡಗಿತು. ಇಲ್ಲದ ಹೆಬ್ಬೆರಳು ಉರಿಯುತ್ತಿತ್ತು. ಅದನ್ನು ಯಾರಿಗೆ ಹೇಳುವುದು?

ಕಳಿಸಿಕೊಡುವ ದಿನ ಡಾಕ್ಟರು ಹೇಳಿದರು: "ಇನ್ನೊಂದು ಕಾಲು ಉಳೀಬೇಕಾದ್ರೆ ದಿನಾ ಅಂಗಾಲು ನೋಡ್ಬೇಕಮ್ಮ. ಮನೇಲಿ ಯಾರಿಗಾದ್ರೂ ಹೇಳಿ."

ನಾನು ಆಗಲಿ ಎಂದೆ.

ಕುಳಿತೇ ಪಾಠ ಹೇಳಲು ಶಾಲೆಯವರು ಒಪ್ಪಿದರು. ಊರುಗೋಲು ಅಭ್ಯಾಸವಾಯಿತು. ಆದರೆ ಎಷ್ಟು ಬಗ್ಗಿದರೂ ಅಂಗಾಲು ಸರಿಯಾಗಿ ಕಾಣದು. ಕಣ್ಣಿಗೂ ಮಂಜು ಕವಿದಿತ್ತು. ನಾಲ್ಕು ದಿನ ತಡೆದು, ಪಕ್ಕದ ಮನೆಯ ಫಾತಿಮಾಬಿಯನ್ನು ಕರೆದೆ. ಹನ್ನೆರಡು ವರ್ಷ ಒಂದೇ ಗೋಡೆಯ ಆಚೆ ಇದ್ದವಳು. ಮಡಿ ಎಂದುಕೊಂಡು ಅವಳನ್ನು ಹೊಸಿಲು ದಾಟಲು ಬಿಟ್ಟವಳಲ್ಲ ನಾನು. ಅಂಗಾಲು ನೋಡಿಕೊಡು ಎಂದು ಕೇಳಿದೆ. ಅವಳು ಒಳಗೆ ಬಂದು ಕೂತಳು.

ಇವತ್ತಿಗೂ ದಿನಾ ಸಂಜೆ ಬರುತ್ತಾಳೆ. ನನ್ನ ಕಾಲನ್ನು ಮಡಿಲಲ್ಲಿಟ್ಟುಕೊಂಡು, ಬೆರಳ ಸಂದಿಯನ್ನೂ ಬಿಡಿಸಿ ನೋಡುತ್ತಾಳೆ. ಅವಳ ಕೈ ಬಿಸಿಯೋ ತಂಪೋ ನನ್ನ ಕಾಲಿಗೆ ತಿಳಿಯುವುದಿಲ್ಲ. ಅವಳ ಮುಖವನ್ನೇ ನೋಡುತ್ತಾ ಕಾಯುತ್ತೇನೆ.

"ಏನೂ ಇಲ್ಲ ಬಿಡಿ ಮೇಷ್ಟ್ರಮ್ಮ, ಚೆನ್ನಾಗೈತೆ," ಅನ್ನುತ್ತಾಳೆ.

ಆಮೇಲೂ ಸ್ವಲ್ಪ ಹೊತ್ತು ಕೂತು ಹೋಗುತ್ತಾಳೆ.